ಶಾಲೆಯ ಗೇಟಿನ ಎದುರು

"ಬೀಗ ತೆಗೆಯೋರಾ? ಮೊಮ್ಮಗು ಬಚ್ಚಲುಮನೆಯೊಳಗೆ ಚಿಲಕ ಹಾಕ್ಕೊಂಡ್ಬಿಟ್ಟಿದೆ. ಎರಡೂವರೆ ವರ್ಷ ಅಷ್ಟೇ. ಬಿಸಿನೀರಿನ ನಲ್ಲಿ ಬೇರೆ ತಿರುಗಿಸಿದೆ. ಬೇಗ ಯಾರನ್ನಾದ್ರೂ ಕಳಿಸಮ್ಮ!"

ಫೋನು ನೋಡಿಕೊಳ್ಳುವಾಕೆ ಊಟಕ್ಕೆ ಎದ್ದುಹೋಗಿದ್ದರಿಂದ ಕರೆ ಎತ್ತಿದವಳು ವೆಬ್‌ಸೈಟಿಗೆ ಪುಟ ಬರೆಯುವವಳು. ಅಜ್ಜಿ ಬಡಾವಣೆಯ ಹೆಸರು ಹೇಳಿದ್ದೇ ತಡ, ಅವಳಿಗೆ ಆ ಹೆಸರಿನ ಪುಟ ನೆನಪಾಯಿತು. ಅದು ಅವಳೇ ಬರೆದ ಅರವತ್ತೆರಡು ಪುಟಗಳಲ್ಲೊಂದು. ಒಂದನ್ನು ಬರೆದು, ಬಡಾವಣೆಗೊಂದರಂತೆ ಹೆಸರು ಬದಲಿಸಿದ್ದಳು. 'ನಿಮ್ಮ ಪಕ್ಕದಲ್ಲೇ ಇದ್ದೇವೆ, ಹದಿನೈದೇ ನಿಮಿಷ.' ಆಮೇಲೆ ಯಾರು ಎಲ್ಲಿಂದ ಹುಡುಕಿದರೂ ಮೊದಲು ಕಾಣುತ್ತಿದ್ದುದು ಇವರೇ. ಆದರೆ ಅಂಗಡಿ ಅಂತ ಇದ್ದದ್ದು ಇದೊಂದೇ, ಬೀಗದ ಕೆಲಸದವರು ಇಬ್ಬರೇ. ಇಬ್ಬರೂ ಈಗ ಊರಿನ ಈ ತುದಿಯಲ್ಲಿದ್ದರು. ಅಲ್ಲಿಗೆ ಒಂದೂವರೆ ಗಂಟೆಯ ದಾರಿ.

ಎದುರಿನ ಮೇಜಿನಿಂದ ಯಜಮಾನ ಪಿಸುಗುಟ್ಟಿದ: "ಹೊರಟಿದ್ದಾರೆ ಅನ್ನು. ಇಲ್ಲಾಂದ್ರೆ ಬೇರೆಯವರನ್ನ ಕರೀತಾರೆ."

ಅವಳು ಅವನಿಗೆ ಬೆನ್ನು ತಿರುಗಿಸಿದಳು. "ಅಜ್ಜಿ, ನಮ್ಮವರಿಗೆ ಕಾಯಬೇಡಿ. ಅಕ್ಕಪಕ್ಕದವರನ್ನ ಕೂಗಿ. ಒಬ್ರು ಮಹಡಿ ಮೇಲೆ ಹೋಗಿ ನೀರು ಬಂದ್ ಮಾಡ್ಲಿ, ಇನ್ನೊಬ್ರು ಬಾಗಿಲು ಒಡೀಲಿ."

"ಒಡೆಯೋದಾ? ಬಾಡಿಗೆ ಮನೆ ಕಣಮ್ಮ..."

"ಒಡೀರಿ ಅಜ್ಜಿ!"

ಫೋನನ್ನು ಎಲ್ಲೋ ಇಟ್ಟ ಸದ್ದು. ಓಡಾಟ, ಕೂಗಾಟ. ಮಗುವಿನ ಅಳು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಅವಳು ಎದ್ದಳು, ಕೂತಳು, ಮತ್ತೆ ಎದ್ದಳು. ಫೋನಿನ ತಂತಿ ಬಿಟ್ಟಷ್ಟು ದೂರದಲ್ಲೇ ಶತಪಥ ಹಾಕಿದಳು. ಮರದ ಮೇಲೆ ಏಟು ಬೀಳತೊಡಗಿತು. ಒಂದು, ಎರಡು, ಲೆಕ್ಕ ತಪ್ಪಿತು. ಕಡೆಗೆ ಏನೋ ಲಟಕ್ಕೆಂದು ಮುರಿದು, ಒಟ್ಟಿಗೇ ನಾಲ್ಕೈದು ದನಿಗಳು.

"ಸಿಕ್ಕಿತು ಕಣಮ್ಮ!" ಅಜ್ಜಿ ಏದುಸಿರು ಬಿಡುತ್ತಿದ್ದರು. "ಮೂಲೇಲಿ ಬಕೆಟ್ಟಿನ ಹಿಂದೆ ಮುದುರಿ ಕೂತಿತ್ತು. ಕಾಲು ಸ್ವಲ್ಪ ಕೆಂಪಾಗಿದೆ, ಅಷ್ಟೇ."

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. ಯಜಮಾನ ಹೆಬ್ಬೆರಳು ಎತ್ತಿ ತೋರಿಸಿದ.

"ಇನ್ನೊಂದು ವಿಷಯ, ತಾಯಿ," ಅಜ್ಜಿ ಮುಂದುವರಿಸಿದರು. "ಶಾಲೆ ಗೇಟಿನ ಎದುರಿಗೇ ನಿಮ್ಮ ಅಂಗಡಿ ಅಂತ ಬರ್ದಿದ್ರಲ್ಲ, ಅದನ್ನ ಓದಿ ನನ್ನ ಸೊಸೆ ನಿಮ್ಮವರನ್ನ ಕರ್ಕೊಂಡು ಬರ್ತೀನಿ ಅಂತ ಬರಿಗಾಲಲ್ಲೇ ಓಡಿದ್ಲು. ಫೋನೂ ಇಲ್ಲೇ ಬಿಟ್ಟಿದ್ದಾಳೆ. ಪಾಪ, ಮಗು ಸಿಕ್ಕಿದ್ದು ಅವಳಿಗಿನ್ನೂ ಗೊತ್ತಿಲ್ಲ. ನಿಮ್ಮ ಅಂಗಡಿಯವರಿಗೆ ಸ್ವಲ್ಪ ಹೊರಗೆ ಬಂದು ಅವಳನ್ನ ಕೂಗೋಕೆ ಹೇಳ್ತೀಯಾ?"