ಟೈಲರನ ಹೊಟ್ಟೆಯ ಮರಿಗಳು

ಟ್ರಾಲಿ ಬಂದು ಮಂಚಕ್ಕೆ ತಾಗಿ ನಿಂತಿತು. ಟೈಲರ್ ಮಾತ್ರ ಮಂಚದ ಸರಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಜಪ್ಪಯ್ಯ ಎಂದರೂ ಬರುವುದಿಲ್ಲ ಎಂದು ಕೂತುಬಿಟ್ಟ. ನರ್ಸ್ ಗದರಿದಳು, ಪುಸಲಾಯಿಸಿದಳು, ಕೊನೆಗೆ ಸೋತು ಸರ್ಜನ್ನರನ್ನೇ ಕರೆತಂದಳು.

"ಒಂದನ್ನಾದ್ರೂ ಉಳಿಸ್ಕೊಡ್ತೀನಿ ಅಂತ ಮಾತು ಕೊಡಿ ಡಾಕ್ಟ್ರೇ. ಆಮೇಲೆ ಎಲ್ಲಿಗೆ ಬೇಕಾದ್ರೂ ತಳ್ಕೊಂಡು ಹೋಗಿ."

"ಏನನ್ನ ಉಳಿಸೋದು?"

"ಮರಿಗಳಲ್ಲಿ ಒಂದನ್ನ."

ಸರ್ಜನ್ ಕಣ್ಣು ಕಣ್ಣು ಬಿಟ್ಟರು. ಮಂಚದ ಆ ಪಕ್ಕ, ಹಳೆಯ ಹೊದಿಕೆಯನ್ನು ಮೆತ್ತಗೆ ಹಾಸಿದ ಬುಟ್ಟಿ ಹಿಡಿದು ನಿಂತಿದ್ದ ಟೈಲರನ ಹೆಂಡತಿಗೆ ರೇಗಿಹೋಯಿತು. ಹೇಳಿದವರು ಇವರೇ, ಈಗ ಏನೂ ಗೊತ್ತಿಲ್ಲದವರ ಹಾಗೆ ನಿಂತಿದ್ದಾರಲ್ಲ!

ಹೋದ ತಿಂಗಳು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಒಂದು ಕಾಲು ಬಾಗಿಲಾಚೆ ಇಟ್ಟುಕೊಂಡೇ ಅವರು ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಒಪ್ಪಿಸಬಲ್ಲಳು. "ಇದು ನಾಯಿಯಿಂದ ಬಂದಿದ್ದು. ಲಿವರ್‌ನಲ್ಲಿ ದೊಡ್ಡ ಚೀಲ ಇದೆ, ಅದರೊಳಗೆ ಮರಿಗಳಿವೆ. ಚೀಲ ಒಡೀದ ಹಾಗೆ ಆಪರೇಷನ್ ಮಾಡಿ ತೆಗೀಬೇಕು." ಅಂಗಡಿಯ ಮೆಟ್ಟಿಲ ಮೇಲೆ ಬಿದ್ದುಕೊಂಡಿರುವ ಗುಂಡಿ ಎಂಬ ನಾಯಿಯೆಂದರೆ ಟೈಲರನಿಗೆ ಪ್ರಾಣ. ಬಿಸ್ಕತ್ತನ್ನು ಮೊದಲು ಅದಕ್ಕೆ ಕಚ್ಚಿಸಿ ಉಳಿದದ್ದನ್ನು ತಾನು ತಿನ್ನುವ ಮನುಷ್ಯ ಅವನು. ಆ ಸಲಿಗೆ ಕೊನೆಗೆ ಇಲ್ಲಿಗೆ ಬಂದು ಮುಟ್ಟಿದ್ದರಲ್ಲಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

ಆದದ್ದು ಹೊಟ್ಟೆಕಿಚ್ಚು. ಮದುವೆಯಾದಾಗಿನಿಂದ ಒಂದು ಮಗುವಿಗಾಗಿ ಅವಳು ಕಾಣದ ವೈದ್ಯರಿಲ್ಲ, ಕುಡಿಯದ ಕಷಾಯವಿಲ್ಲ. ಅವಳಿಗೆ ಒಂದೂ ಇಲ್ಲ. ಕೂತಲ್ಲೇ ಕೂತು ಕಾಜಾ ಹೊಲಿಯುವ ಈ ಮಹಾರಾಯನಿಗೆ ಒಂದು ಚೀಲದ ತುಂಬ! ಒಂದಷ್ಟು ದಿನ ಗಂಡನೊಡನೆ ಮಾತೇ ಬಿಟ್ಟಳು. ಆಮೇಲೆ ಕರುಳು ಚುರ್ರೆಂದಿತು. ಏನೇ ಆಗಲಿ, ಒಳಗಿರುವುದು ಎಳೆಯ ಜೀವ. ದಿನವೂ ದೊಡ್ಡ ಲೋಟದ ತುಂಬ ಹಾಲು ತಂದು ಗಂಡನ ಮುಂದೆ ಹಿಡಿದಳು. ಮರಿಗಳಿಗೆ ಒತ್ತೀತೆಂದು, ಬಲಮಗ್ಗುಲಿಗೆ ಹೊರಳಿದಾಗಲೆಲ್ಲ ಗದರಿ ಎಬ್ಬಿಸಿದಳು. ಅವನು ಹೊಟ್ಟೆ ಸವರಿಕೊಳ್ಳುತ್ತ "ಒದೀತಿವೆ ಕಣೇ" ಎಂದಾಗ ಕಿವಿಯಿಟ್ಟು ಕೇಳಿದಳು. ಕುಂಯ್ ಎಂದಂತೆಯೂ ಆಯಿತು.

ಹೀಗಿರುವಾಗ ನಿನ್ನೆ ಸರ್ಜನ್ ಬಂದು, "ಮರಿಗಳ ಯೋಚನೆ ಬಿಡಿ, ಒಂದೂ ಉಳಿಯದ ಹಾಗೆ ನೋಡ್ಕೋತೀನಿ" ಎಂದು ಟೈಲರನ ಬೆನ್ನು ತಟ್ಟಿ ಹೋಗಿದ್ದರು. ಗಂಡ ಹೆಂಡತಿ ಇಬ್ಬರ ಎದೆಯೂ ಧಸಕ್ಕೆಂದಿತ್ತು.

"ನಾವೇ ಸಾಕ್ಕೋತೀವಿ" ಎಂದು ಅವಳು ಬುಟ್ಟಿಯನ್ನು ಮುಂದೆ ಚಾಚಿದಳು. "ನಿಮ್ಮ ಆಸ್ಪತ್ರೆಗೇನೂ ತೊಂದ್ರೆ ಕೊಡಲ್ಲ."

ಸರ್ಜನ್ನರಿಗೆ ಈಗ ತಲೆಗೆ ಹೋಯಿತು. ಬಾಯಿಗೆ ಮಾಸ್ಕ್ ಇದ್ದದ್ದರಿಂದ ಮರ್ಯಾದೆ ಉಳಿಯಿತು, ಹೆಗಲು ಮಾತ್ರ ಕುಲುಕಾಡಿತು.

"ನಾಯಿಮರಿ ಅಲ್ಲಮ್ಮಾ! ನಾಯಿ ಹೊಟ್ಟೇಲಿರೋ ಹುಳದ ಮೊಟ್ಟೆ ಇವರ ಹೊಟ್ಟೆಗೆ ಹೋಗಿದೆ. ಅದು ಬೆಳೆದು ನೀರಿನ ಚೀಲ ಆಗಿದೆ. ಅದರೊಳಗೆ ಇನ್ನೂ ಪುಟ್ಟಪುಟ್ಟ ಚೀಲ. ಅದಕ್ಕೇ ಮರಿ ಅಂದೆ. ಹಾಗೇ ಬಿಟ್ಟು ಅದೇನಾದ್ರೂ ಒಳಗೇ ಒಡೀತು ಅಂದ್ರೆ ಇವರ ಜೀವಕ್ಕೇ ಕುತ್ತು."

"ಹಾಗಾದ್ರೆ ತಿಂಗಳಿಂದ ನಾನು ಹಾಲು ಕುಡಿಸಿದ್ದು ಹುಳಕ್ಕಾ?"

ಜೀವಕ್ಕೆ ಕುತ್ತು ಎಂಬ ಮಾತು ಅವಳಿಗೆ ತುಸು ತಡವಾಗಿ ನಾಟಿತು. ನಾಟಿದ್ದೇ ತಡ, ಬುಟ್ಟಿಯನ್ನು ಅತ್ತ ಎಸೆದು ಗಂಡನ ಬೆರಳುಗಳನ್ನು ಒಂದೊಂದಾಗಿ ಸರಳಿನಿಂದ ಬಿಡಿಸತೊಡಗಿದಳು.

"ಆದ್ರೂ ಕಣೇ, ಇಷ್ಟು ದಿನ ಹೊತ್ಕೊಂಡು..." ಎಂದು ಟೈಲರ್ ರಾಗ ತೆಗೆದ.

"ಸಾಕು ಸುಮ್ನಿರಿ! ಮರೀನೂ ಬೇಡ, ಮಣ್ಣೂ ಬೇಡ. ನಂಗೆ ನೀವಿದ್ರೆ ಸಾಕು" ಎನ್ನುತ್ತ ಅವಳು ಕೊನೆಯ ಬೆರಳನ್ನೂ ಬಿಡಿಸಿದಳು. ಟೈಲರ್ ತೆಪ್ಪಗೆ ಟ್ರಾಲಿ ಹತ್ತಿದ.

ಆಪರೇಷನ್ ಮುಗಿಸಿ ಹೊರಬಂದ ಸರ್ಜನ್ನರ ಮುಖ ಅರಳಿತ್ತು. ಚೀಲ ಒಡೆಯದೆ ಇಡಿಯಾಗಿ ಬಂದಿತ್ತು, ಒಂದು ಹನಿಯೂ ಒಳಗೆ ಚೆಲ್ಲಿರಲಿಲ್ಲ. ಹೊರಗೆ ತೆಗೆದ ಮೇಲೆ ಅದನ್ನು ಸೀಳಿ, ಒಳಗಿದ್ದುದನ್ನು ಗಾಜಿನ ಭರಣಿಗೆ ಹಾಕಿ ಅವಳಿಗೆ ತೋರಿಸಿದರು. ಅವಳು ಭರಣಿಗೆ ಮೂಗು ತಾಗಿಸಿ ತುಂಬ ಹೊತ್ತು ನೋಡಿದಳು. ಬೆಳ್ಳಗೆ, ನುಣ್ಣಗೆ, ದುಂಡುದುಂಡಾಗಿ ಒಂದರ ಪಕ್ಕ ಒಂದು ತೇಲುತ್ತಿದ್ದವು.

ಸಂಜೆ ಟೈಲರ್ ಕಣ್ಣು ಬಿಟ್ಟ. ಹೆಂಡತಿ ಪಕ್ಕದಲ್ಲೇ ಇದ್ದಳು. ಅತ್ತ ಇತ್ತ ನೋಡಿ, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕ್ಷೀಣ ದನಿಯಲ್ಲಿ ಕೇಳಿದ.

"ನೋಡಿದ್ಯಾ? ಹೇಗಿದ್ವು?"

ಅವಳು ಅವನ ನುಣ್ಣನೆಯ ಬೋಳುತಲೆಯನ್ನು ಮೆಲ್ಲಗೆ ಸವರಿದಳು.

"ಎಲ್ಲಾ ಥೇಟ್ ಅಪ್ಪನ ಹಾಗೇ ರೀ. ಒಂದಕ್ಕೂ ಒಂದೆಳೆ ಕೂದಲಿಲ್ಲ."