ಹಗ್ಗದಷ್ಟು ದಪ್ಪ ಗೆರೆ

“ನಾಚಿಕೆಗೆಟ್ಟವನೇ, ಇನ್ನೂ ಸತ್ತಿಲ್ವಾ ನೀನು?”

ಫೋನಿಗೆ ಬಂದ ಈ ಸಾಲನ್ನು ಓದಿ ನುಹೂಮ್ ಜಾರಾನ ಮುಖ ಅರಳಿತು. ಚಹಾದ ಕೆಟಲನ್ನು ಇದ್ದಿಲ ಒಲೆಯಿಂದ ಇಳಿಸಿ ಪಟಪಟನೆ ಉತ್ತರ ಕುಟ್ಟಿದ: “ನೀನು ಅಲಸಂದೆ ತಿಂದು ಹೊಟ್ಟೆ ಉಬ್ಬಿ ಸತ್ತ ಮೇಲೇ ಕಣೋ ನಾನು ಸಾಯೋದು!”

ಬೈದವನು ಎಸ್. ತ್ರಾವೊರೆ. ನುಹೂಮ್ ಅವನ ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ. ಆದರೇನು? ಜಾರಾ ಮನೆತನದವರೂ ತ್ರಾವೊರೆ ಮನೆತನದವರೂ ತಲೆತಲಾಂತರದ ಬೈಗುಳದ ನೆಂಟರು. ಕಂಡಲ್ಲಿ ಬೈಯಬೇಕು, ಬೈಸಿಕೊಂಡವನು ನಗಬೇಕು. ಸಿಟ್ಟಾದವನಿಗೆ ಮರ್ಯಾದೆಯಿಲ್ಲ. ಮಾಲಿ ದೇಶದಲ್ಲಿ ಹೆಸರು ಕೇಳಿದರೆ ಸಾಕು, ನಂಟು ಶುರು.

ನುಹೂಮನಿಗೆ ಬೇರೆ ನಂಟು ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಕಾಯ್ ಪಟ್ಟಣ ಬಿಟ್ಟು ಬಮಾಕೊಗೆ ಬಂದಿದ್ದ. ಬೀಗ ಬಿದ್ದ ಹತ್ತಿ ಗೋದಾಮೊಂದಕ್ಕೆ ಕಾವಲು. ದಿನವಿಡೀ ಮಾತನಾಡಿಸುವವರಿಲ್ಲ. ಒಮ್ಮೊಮ್ಮೆ ತನ್ನ ದನಿ ಇನ್ನೂ ಇದೆಯೋ ಇಲ್ಲವೋ ನೋಡಲು ಸುಮ್ಮನೆ ಕೆಮ್ಮುತ್ತಿದ್ದ.

ಈ ಬೈಗುಳ ಬರುತ್ತಿದ್ದ ಫೋನಿನ ಸ್ನೇಹಜಾಲದಲ್ಲಿ ಒಂದು ಚಂದದ ಏರ್ಪಾಡಿತ್ತು. ಇಬ್ಬರ ನಡುವೆ ಮಾತು ಹೆಚ್ಚಿದಷ್ಟೂ ಅವರ ಹೆಸರುಗಳ ನಡುವಿನ ಹಸಿರು ಗೆರೆ ದಪ್ಪವಾಗುತ್ತಿತ್ತು. ಸ್ವಂತ ತಮ್ಮನ ಗೆರೆ ಕೂದಲೆಳೆ. ಹಳೆಯ ಗೆಳೆಯರದು ಕಣ್ಣಿಗೇ ಕಾಣದು. ತ್ರಾವೊರೆಯದು ಮಾತ್ರ ಹಗ್ಗದಷ್ಟು ದಪ್ಪ! ಅದನ್ನು ನೋಡುತ್ತ ಕೂತರೆ ನುಹೂಮನಿಗೆ ಊಟವೂ ನೆನಪಾಗುತ್ತಿರಲಿಲ್ಲ.

ಎಂಥ ಬೈಗುಳಗಾರ ಈ ತ್ರಾವೊರೆ! ಉಳಿದ ತ್ರಾವೊರೆಗಳು ಅಲಸಂದೆ ತಿನ್ನೋನೇ, ಗುಲಾಮ ಎಂದು ಅದೇ ಹಳಸಲು ಮಾತನ್ನು ಆಡುತ್ತಾರೆ. ಇವನದು ದಿನಕ್ಕೊಂದು ಹೊಸದು. ನಿನ್ನೆ, “ಉಂಡ ಮನೆಗೆ ಮಣ್ಣು ಹಾಕಿ ಓಡಿದೋನೇ” ಎಂದು ಬಂದಿತ್ತು. ನುಹೂಮ್ ಬಿದ್ದು ಬಿದ್ದು ನಕ್ಕು, “ನಿಮ್ಮನೇಲಿ ಉಪ್ಪೇ ಇರ್ಲಿಲ್ಲ ಕಣೋ” ಎಂದು ಬರೆದಿದ್ದ.

ತಬಾಸ್ಕಿ ಹಬ್ಬಕ್ಕೆ, ಅಂದರೆ ಬಕ್ರೀದಿಗೆ, ಗೋದಾಮಿನ ಮಾಲೀಕರು ಕುರಿಯ ತೊಡೆ ಕಳಿಸಿದರು. ಹಬ್ಬದ ದಿನ ಒಬ್ಬನೇ ಕೂತು ತಿಂದರೆ ಗಂಟಲಲ್ಲಿ ಇಳಿದೀತೇ? ಧೈರ್ಯಮಾಡಿ ತ್ರಾವೊರೆಗೆ ಕರೆ ಮಾಡಿದ.

ಎತ್ತಿದ್ದು ಹೆಂಗಸು.

“ತ್ರಾವೊರೆ ಇದಾನಾ ಅಮ್ಮಾ? ಆ ಹೊಟ್ಟೆಬಾಕನಿಗೆ ಹೇಳಿ, ಅವನ ಯಜಮಾನ ಊಟಕ್ಕೆ ಕರೀತಿದಾನೆ ಅಂತ.”

ಆ ಕಡೆ ನಗು ಕೇಳಿಸಲಿಲ್ಲ.

“ತ್ರಾವೊರೆ ನನ್ನ ಗಂಡ. ಫೋನು ಅವರದು, ದಿನಾ ಬೈಯೋಳು ನಾನು. ನಾನು ಹುಟ್ಟಿದ್ದು ಜಾರಾ ಮನೇಲಿ, ನಿನ್ನ ಹಾಗೇನೇ. ಜಾರಾಗೂ ಜಾರಾಗೂ ತಮಾಷೆ ಎಲ್ಲಿಂದ ಬಂತೋ?”

ನುಹೂಮ್ ಫೋನನ್ನು ಕಿವಿಗೆ ಒತ್ತಿಕೊಂಡ. “ಹಾಗಾದ್ರೆ ಆ ಬೈಗುಳ...?”

“ಒಂದೊಂದೂ ಹೊಟ್ಟೆ ಉರಿದು ಬೈದಿದ್ದು! ಹೆಸರು ಹುಡುಕಿ ನಿನ್ನ ಹಿಡಿದೆ. ಸೆಗು ಊರಲ್ಲಿ ನನ್ನ ಮಗಳನ್ನ ಮದುವೆ ಆಗ್ತೀನಿ ಅಂತ ನಂಬಿಸಿ, ಬಸುರಿ ಮಾಡಿ ಕೈಬಿಟ್ಟ ನುಹೂಮ್ ಜಾರಾ ನೀನೇ ತಾನೆ? ಬಾಯಿ ಬಿಡು! ನಾನಲ್ಲ ಅಂತ ಆಣೆ ಇಟ್ಟು ಹೇಳು, ಇನ್ನೊಂದು ಸಾಲೂ ಬರಿಯಲ್ಲ.”

ಇನ್ನೊಂದು ಸಾಲೂ ಇಲ್ಲ. ನುಹೂಮ್ ಖಾಲಿ ಅಂಗಳವನ್ನು ನೋಡಿದ. ಒಲೆಯ ಮೇಲೆ ಮಾಂಸ ಸೀದುಹೋಗುತ್ತಿತ್ತು. ಅವನಿಗೆ ಭಯವಾಯಿತು, ಹೆಂಡತಿಯನ್ನು ಮಣ್ಣು ಮಾಡಿ ಮನೆಗೆ ಮರಳಿದ ದಿನ ಆದಂಥ ಭಯ.

“ನಾನೇ ಅಮ್ಮಾ,” ಎಂದ. “ನಾಳೆನೂ ಬೈಯಿರಿ.”

ಅವನು ಈ ಜನ್ಮದಲ್ಲಿ ಸೆಗುವಿಗೆ ಕಾಲಿಟ್ಟವನಲ್ಲ.