ನಾಲ್ಕನೆಯ ಗೆರೆ

ನಾಲ್ಕನೆಯ ಗೆರೆ ಮತ್ತೆ ಎದ್ದು ನಿಂತಿತು.

ಕಂಪ್ಯೂಟರ್ ಪರದೆಯ ಮೇಲೆ ಲಿವರ್ ಕ್ಯಾನ್ಸರ್ ರೋಗಿಗಳ ರಕ್ತಪರೀಕ್ಷೆಯ ಗೆರೆಗಳೆಲ್ಲ ಮೇಲಕ್ಕೇರಿದ್ದವು, ಆರೋಗ್ಯವಂತರವು ನೆಲಕ್ಕಂಟಿ ಮಲಗಿದ್ದವು. ಹಾಗೇ ಇರಬೇಕಾದದ್ದು. ಆರೋಗ್ಯವಂತರ ಸಾಲಿನ ನಾಲ್ಕನೆಯದು ಮಾತ್ರ ರೋಗಿಗಳ ಜೊತೆ ಸೇರಿಕೊಂಡಿತ್ತು.

"ಕೈತಪ್ಪು ಮಾಡಿದೀಯ ರುಯಿ," ಎಂದರು ಲ್ಯಾಬಿನ ಮುಖ್ಯಸ್ಥ ಗು ಮೇಷ್ಟ್ರು. "ರೋಗಿ ರಕ್ತದ ಹನಿ ಅದಕ್ಕೆ ಬಿದ್ದಿರತ್ತೆ. ಕಿತ್ತಳೆ ಇಟ್ಟು ಕೈಮುಗಿಯೋಕೆ ಬರತ್ತೆ, ಹನಿ ನೆಟ್ಟಗೆ ಬಿಡೋಕೆ ಬರಲ್ವಾ?"

ಗೆರೆ ಚೆನ್ನಾಗಿ ಏಳಲಿ ಎಂದು ರಕ್ತ ಪರೀಕ್ಷಿಸುವ ಯಂತ್ರದ ನೆತ್ತಿಯ ಮೇಲೆ ಕಿತ್ತಳೆ ಇಡುವುದು ಲ್ಯಾಬಿನ ವಿದ್ಯಾರ್ಥಿಗಳ ಹರಕೆ. ಮೇಷ್ಟ್ರಿಗೆ ಅದನ್ನು ಕಂಡರಾಗದು.

"ಮೂರನೇ ಸಲ ಮಾಡಿದ್ದು ಮೇಷ್ಟ್ರೇ. ಹೊಸ ಕೊಳವೆ, ಹೊಸ ಕೈಗವಸು."

"ಹಾಗಾದ್ರೆ ಕಿತ್ತು ಬಿಸಾಕು. ಸೋಮವಾರ ಲೇಖನ ಹೋಗ್ಬೇಕು. ಯಾರದೋ ಕೆಟ್ಟ ರಕ್ತಕ್ಕೋಸ್ಕರ ನನ್ನ ಒಂಬತ್ತು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗ್ಲಾ?"

ರುಯಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಆ ಕೆಟ್ಟ ರಕ್ತ ನಂದು ಮೇಷ್ಟ್ರೇ."

ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕಾದಾಗ ಲ್ಯಾಬಿನವರೇ ತೋಳು ಚಾಚುವುದು ಅಲ್ಲಿನ ವಾಡಿಕೆ. ಕಾಯಿಲೆಯಿಲ್ಲ ಎಂಬ ಬಾಯಿಮಾತೇ ಸಾಕಿತ್ತು.

ಮೇಷ್ಟ್ರು ತಡವರಿಸಿ ಕುರ್ಚಿ ಎಳೆದುಕೊಂಡರು. "ಹೆಪಟೈಟಿಸ್ ಇಲ್ಲ ಅಂದಿದ್ಯಲ್ಲೇ?"

"ಇದೆ. ಮನೆಮನೇಲೂ ಈ ವೈರಸ್ ಇರೋ ಚಿದೊಂಗಿನೋಳು ನಾನು, ಅಮ್ಮನಿಂದ ಬಂದದ್ದು. ಅವಳು ಲಿವರ್ ಕ್ಯಾನ್ಸರಲ್ಲೇ ಹೋದ್ಲು. ಇದೆ ಅಂದಿದ್ರೆ ಕ್ಯಾಂಟೀನಲ್ಲಿ ನನ್ನ ಜೊತೆ ಒಂದೇ ಬಟ್ಟಲಿಗೆ ಯಾರು ಚಾಪ್‌ಸ್ಟಿಕ್ ಹಾಕ್ತಿದ್ರು? ನೀವು ಹಾಕ್ತಿದ್ರಾ?"

ಮೇಷ್ಟ್ರು ಪರದೆಯ ನಾಲ್ಕನೆಯ ಗೆರೆಯತ್ತ ತಿರುಗಿದರು.

ಯಾವ ಪ್ರೋಟೀನನ್ನೂ ಕಟ್ಟದ, ಬರೀ ಕಸವೆಂದು ಎಲ್ಲರೂ ತಳ್ಳಿಹಾಕಿದ್ದ ಉದ್ದನೆಯ ಆರ್‌ಎನ್‌ಎ ಒಂದನ್ನು ಅವರು ಹಟ ಹಿಡಿದು ಬೆನ್ನಟ್ಟಿದ್ದರು. ಸ್ಕ್ಯಾನಿಗೆ ಗಡ್ಡೆ ಕಾಣುವ ಮೊದಲೇ ಅದು ರಕ್ತದಲ್ಲಿ ಏರುತ್ತದೆ, ಬರೀ ಹೆಪಟೈಟಿಸ್ ವೈರಸ್ಸಿಗೆ ಏರುವುದಿಲ್ಲ ಎಂಬುದೇ ಲೇಖನದ ಜೀವಾಳ. ತುಂಬಿದ ಸಭೆಗಳಲ್ಲಿ ನಕ್ಕವರ ಜೊತೆ ಜಗಳವಾಡಿದ್ದರು.

"ನೋಡು, ನಾನು ತಪ್ಪಿರಬಹುದು," ಎಂದರು ಈಗ. "ಬರೀ ವೈರಸ್ಸಿಗೂ ಏರಬಹುದು. ಸಣ್ಣ ಜ್ವರಕ್ಕೂ ಏರಬಹುದು. ಕಸ ಕಣೇ ಅದು. ಅವರೆಲ್ಲ ನಕ್ಕಿದ್ದೇ ಸರಿ."

"ವೈರಸ್ ಇರೋರ ರಕ್ತ ನಾನೇ ಅಲ್ವಾ ನೋಡಿದ್ದು? ಒಂದೂ ಏರ್ಲಿಲ್ಲ." ಅವಳು ತನ್ನ ಗೆರೆಯತ್ತ ಬೆರಳು ಮಾಡಿದಳು. "ನಿಮ್ಮದು ಸರಿಯಾಗೇ ಇದೆ ಮೇಷ್ಟ್ರೇ."

"ಬಾಯ್ಮುಚ್ಚು! ಸ್ಕ್ಯಾನಿಗೆ ನಾನೇ ಕರ್ಕೊಂಡು ಹೋಗ್ತೀನಿ. ಈಗ ತೋಳು ಕೊಡು."

ಹೊಸ ರಕ್ತ ತೆಗೆದು, ವರ್ಷಗಳಿಂದ ಪಿಪೆಟ್ ಮುಟ್ಟದ ಕೈಯಲ್ಲಿ ಮೇಷ್ಟ್ರು ಎಲ್ಲವನ್ನೂ ತಾವೇ ಮಾಡಿದರು. ಊಟದ ಹೊತ್ತು ಮೀರಿತು. ಇಬ್ಬರಿಗೂ ಅದರ ನೆನಪಿರಲಿಲ್ಲ. ಕೊನೆಗೆ ಕೊಳವೆಯನ್ನು ಯಂತ್ರದೊಳಗಿಟ್ಟು ಮುಚ್ಚಿದರು. ಗುಂಡಿ ಒತ್ತಲು ಚಾಚಿದ ಬೆರಳನ್ನು ಹಿಂದಕ್ಕೆಳೆದುಕೊಂಡರು.

ಗೆರೆ ಏಳಲೆಂದು ಯಂತ್ರದ ಮೇಲಿಟ್ಟಿದ್ದ ಕಿತ್ತಳೆಯನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಗುಂಡಿ ಒತ್ತಿದರು.